ಅಪ್ಪನ ಕಿವಿಗೊಂದು ಟ್ಯೂಬ್ ಡ್ಯಾಕ್

ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಮನೆಯಲ್ಲಿ ಹಾಡು ಕೇಳುವ ಸಲಕರಣೆಗಳಿಗೆ ಇಷ್ಟರಲ್ಲಿ ಎಷ್ಟು ಸುರಿದಿದ್ದೇನೆ ಎಂಬ ಪೂರ್ತಿ ಲೆಕ್ಕ ನನ್ನ ಹೆಂಡತಿಗೆ ಗೊತ್ತಿಲ್ಲ. ಇದನ್ನು ಓದಿದರೆ ಸ್ವಲ್ಪ ಗೊತ್ತಾದೀತು.

ಕಳೆದ ವರ್ಷ ಅಪ್ಪನ ಮೊಣಕಾಲಿನ ಆಪರೇಷನ್ ಆಯಿತು. ಧಾರವಾಡದಲ್ಲಿ ಒಬ್ಬರೇ ಇರುವುದು ಕಷ್ಟವೆಂದು ಇಲ್ಲಿಗೆ ಕರೆತಂದೆವು. ಬ್ಯಾಂಕಿನ ನೌಕರಿಯಲ್ಲಿದ್ದಾಗ ಡಿಸೆಂಬರ್ ಬಂತೆಂದರೆ ರಜೆ ಹಾಕಿ, ಸವಾಯಿ ಗಂಧರ್ವ ಉತ್ಸವಕ್ಕೆಂದು ಪುಣೆಯ ರಾತ್ರಿ ಬಸ್ಸು ಹತ್ತುತ್ತಿದ್ದ ಮನುಷ್ಯ ಅವರು. ಕುಂದಗೋಳದ ಗುರುವಿನ ನೆನಪಿಗೆ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ ಉತ್ಸವ, ಹಾಗಾಗಿ ಅದು ಪುಣೆಯದಲ್ಲ, ನಮ್ಮದು ಎನ್ನುವುದು ಅವರ ವಾದ. ಅಂಥವರು ನಮ್ಮ ಹಾಲ್‌ನಲ್ಲಿ ಕೂತು, ಮಲ್ಲಿಕಾರ್ಜುನ ಮನಸೂರರ ರೆಕಾರ್ಡಿಂಗ್ ಹಚ್ಚಿದ ಐದೇ ನಿಮಿಷಕ್ಕೆ "ಬಂದ್ ಮಾಡೋ ತಮ್ಮಾ, ಕಿವ್ಯಾಗ ಚುಚ್ಚತದ" ಅನ್ನತೊಡಗಿದರು. ಮೂರನೇ ವಾರದ ಹೊತ್ತಿಗೆ ಹಾಡು ಹಚ್ಚು ಎಂದು ಕೇಳುವುದನ್ನೇ ಬಿಟ್ಟರು. ಬಾಲ್ಕನಿಯಲ್ಲಿ ಕೂತು ಎದುರಿನ ಕಟ್ಟಡದ ಕ್ರೇನ್ ನೋಡುತ್ತಿದ್ದರು. ನನಗೆ ಅದು ಮೊಣಕಾಲಿಗಿಂತ ದೊಡ್ಡ ಚಿಂತೆಯಾಯಿತು.

ಒಮ್ಮೆ ಊಟಕ್ಕೆ ಕೂತಾಗ ಅವರೇ ಅಂದರು: "ನಮ್ಮ ಮನ್ಯಾಗ ವಾಲ್ವ್ ರೇಡಿಯೊ ಇತ್ತಲ್ಲ, ಅದರಾಗ ಧ್ವನಿಗೆ ಮೈ ಇತ್ತು." ನನಗೆ ಅಷ್ಟೇ ಸಾಕಾಯಿತು. ಸಾಫ್ಟ್‌ವೇರ್‌ನವರ ರೋಗ ಇದು, ಯಾವ ತೊಂದರೆ ಬಂದರೂ ಒಂದು ಯಂತ್ರ ಕೊಂಡರೆ ಬಗೆಹರಿಯುತ್ತದೆ ಎಂಬ ನಂಬಿಕೆ. ಅದೇ ರಾತ್ರಿ ಟ್ಯೂಬ್ ಡ್ಯಾಕ್ ಹುಡುಕಲು ಕೂತೆ.

ಡ್ಯಾಕ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಸಿ.ಡಿ.ಯಲ್ಲಾಗಲಿ ಫೋನಿನಲ್ಲಾಗಲಿ ಹಾಡು ಇರುವುದು ಅಂಕಿಗಳ ರೂಪದಲ್ಲಿ. ಸಿ.ಡಿ. ಗುಣಮಟ್ಟದ ಹಾಡಿನಲ್ಲಿ ಪ್ರತಿ ಚಾನೆಲ್‌ಗೆ ಸೆಕೆಂಡಿಗೆ 44,100 ಅಂಕಿಗಳು. ಆ ಅಂಕಿಗಳನ್ನು ಏರಿಳಿಯುವ ವೋಲ್ಟೇಜ್ ಆಗಿಸಿ ಆಂಪ್ಲಿಫೈಯರ್‌ಗೆ ಕೊಡುವುದು ಡ್ಯಾಕ್. ಈಗ ಗುಟ್ಟು ಕೇಳಿ: ಟ್ಯೂಬ್ ಡ್ಯಾಕ್‌ನಲ್ಲೂ ಈ ಕೆಲಸ ಮಾಡುವುದು ಒಂದು ಚಿಪ್ಪೇ. ವಾಲ್ವ್ ನಿಂತಿರುವುದು ಅದರಾಚೆ, ಹೊರಬಾಗಿಲಲ್ಲಿ. ಚಿಪ್ ಕೊಟ್ಟ ಧ್ವನಿಯನ್ನು ಸ್ವಲ್ಪ ಎತ್ತಿ ಅಥವಾ ಹಾಗೆಯೇ ಹೊರಗೆ ದಾಟಿಸುತ್ತದೆ. ಹೆಸರೇ ಅರ್ಧ ಸುಳ್ಳು.

ನನ್ನ ಮೊದಲ ಖರೀದಿ ಆನ್‌ಲೈನ್‌ನಲ್ಲಿ, 9,000 ರೂಪಾಯಿಗೆ. ಕೈಯಗಲದ ಪೆಟ್ಟಿಗೆ, ಮೇಲೆ ಎರಡು ಪುಟ್ಟ ವಾಲ್ವ್. ಸ್ವಿಚ್ ಹಾಕಿದ ಕ್ಷಣವೇ ದೀಪಾವಳಿಯ ಹಾಗೆ ಕಿತ್ತಳೆ ಬೆಳಕು. ಅಪ್ಪ ಬಗ್ಗಿ ನೋಡಿ, "ಇಷ್ಟ್ ಲಗೂ ಹೆಂಗ ಕಾಯ್ತೋ ಇದು?" ಎಂದರು. ನಾನು ತಂತ್ರಜ್ಞಾನ ಮುಂದುವರಿದಿದೆ ಎಂದೆ. ಹಾಡು ಮಾತ್ರ ಮೊದಲಿನ ಹಾಗೆಯೇ ಚುಚ್ಚಿತು.

ಪೆಟ್ಟಿಗೆ ಹಿಡಿದು ಬುಧವಾರ ಪೇಟೆಯ ತಾಪಕೀರ್ ಗಲ್ಲಿಗೆ ಹೋದೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಿನಲ್ಲಿ ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗದಲ್ಲಿ ಒಬ್ಬ ಹಿರಿಯ ರಿಪೇರಿ ಕಾಕಾ ಇದ್ದಾರೆ. ಮುಚ್ಚಳ ತೆಗೆದು, ಮೀಟರ್ ಇಟ್ಟು ನಕ್ಕರು. ಕಿತ್ತಳೆ ಬೆಳಕು ವಾಲ್ವಿನದಲ್ಲ, ಅದರ ಬುಡದಲ್ಲಿ ಕೂರಿಸಿದ ಎಲ್‌ಇಡಿಯದು. ವಾಲ್ವಿಗೆ ಸಿಗುತ್ತಿದ್ದ ವೋಲ್ಟೇಜ್ 24. ಆ ಜಾತಿಯ ವಾಲ್ವ್ ನೆಮ್ಮದಿಯಾಗಿ ದುಡಿಯಲು 100ರಿಂದ 250 ವೋಲ್ಟ್ ಬೇಕು. ಉಪವಾಸ ಕೆಡವಿದ ವಾಲ್ವ್, ಮೇಲೊಂದು ಅಲಂಕಾರದ ದೀಪ. ನಿಜವಾದ ವಾಲ್ವಿನ ಒಳಗಿನ ತಂತಿ ನಿಧಾನವಾಗಿ ಕೆಂಪಾಗುತ್ತದೆ, ಬೆಳಕು ಇದ್ದರೂ ಇಲ್ಲದಂತೆ ಮಂದ. ಅಪ್ಪನ ಪ್ರಶ್ನೆಯೇ ಸರಿಯಾಗಿತ್ತು.

ನಾನು ಕರ್ನಾಟಕದವನೆಂದು ತಿಳಿದ ಕಾಕಾ ಡ್ರಾಯರ್‌ನಿಂದ ಹಳೆಯ ರಟ್ಟಿನ ಡಬ್ಬಿ ತೆಗೆದರು. ಗಾಜಿನ ಮೇಲೆ ಬಿಇಎಲ್ ಎಂದು ಅಚ್ಚು. ಜಾಲಹಳ್ಳಿಯ ನಮ್ಮ ಬಿಇಎಲ್ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಹಯೋಗದಲ್ಲಿ ರೇಡಿಯೊ ವಾಲ್ವ್ ತಯಾರಿಕೆ ಶುರು ಮಾಡಿತ್ತು. ಈಗ ಹೊಸ ವಾಲ್ವ್ ಬೇಕೆಂದರೆ ರಷ್ಯಾ, ಸ್ಲೊವಾಕಿಯಾ, ಚೀನಾ ಕಡೆ ನೋಡಬೇಕು. ಕಾಕಾನ ಕೈಲಿದ್ದದ್ದು ಇಎಲ್84, ರೇಡಿಯೊದ ಸ್ಪೀಕರ್ ನಡೆಸುವ ಪವರ್ ವಾಲ್ವ್. ಡ್ಯಾಕ್‌ನ ಇಸಿಸಿ82ಕ್ಕೂ ಇದಕ್ಕೂ ಒಂಬತ್ತೇ ಕಾಲು. ಸಾಕೆಟ್‌ನಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಕಾಲುಗಳ ಸಂಪರ್ಕ ಬೇರೆ, ಹೀಟರ್ ಎಳೆಯುವ ಕರೆಂಟ್ ಎರಡು ಪಟ್ಟಿಗಿಂತ ಹೆಚ್ಚು. ಕೂರುತ್ತದೆ ಎಂದು ಕೂರಿಸಿದರೆ ಡ್ಯಾಕ್ ಹೋದಂತೆಯೇ. ಉಪಯೋಗವಿಲ್ಲ ಎಂದು ಗೊತ್ತಿದ್ದೂ 200 ರೂಪಾಯಿ ಕೊಟ್ಟು ತಂದೆ. ಅಪ್ಪನ ಮೇಜಿನ ಮೇಲಿದೆ.

ಹೊರಡುವಾಗ ಕಾಕಾ ಒಂದು ಮಾತು ಕೇಳಿದರು. "ಅಪ್ಪನ ವಯಸ್ಸೆಷ್ಟು? ಕಿವಿ ತೋರಿಸಿದ್ದೀಯಾ?" ಅಪ್ಪನಿಗೆ 76. ಕಿವಿ ತೋರಿಸಿರಲಿಲ್ಲ. ಆ ಮಾತನ್ನು ಅಲ್ಲೇ ಬಿಟ್ಟು ಎರಡನೇ ಡ್ಯಾಕ್ ಹುಡುಕಲು ಹೊರಟೆ.

ಈ ಸಲ ಬುದ್ಧಿ ಸ್ವಲ್ಪ ಬಂದಿತ್ತು. ಒಳಗೆ ವಾಲ್ವಿಗೆ ನಿಜವಾದ ಹೈ ವೋಲ್ಟೇಜ್ ಇರಬೇಕು. ವಾಲ್ವ್ ಬೆಸುಗೆ ಹಾಕಿದ್ದಾಗಿರದೆ ಸಾಕೆಟ್‌ನಲ್ಲಿರಬೇಕು, ಅದೂ ಸುಲಭವಾಗಿ ಸಿಗುವ ಜಾತಿಯದು. ವಿದೇಶದಿಂದ ಯಾರೋ ತಂದದ್ದಾದರೆ 230 ವೋಲ್ಟ್‌ಗೆ ಹೊಂದುತ್ತದೆಯೇ ನೋಡಬೇಕು. ಹೆಚ್ಚಿನವರು ನೋಡದೆ ಬಿಡುವ ಅಂಕಿ ಇನ್ನೊಂದಿದೆ: ಔಟ್‌ಪುಟ್ ಇಂಪೀಡೆನ್ಸ್. ವಾಲ್ವಿನ ಹೊರಬಾಗಿಲು ಕೆಲವೊಮ್ಮೆ 2,000 ಓಮ್‌ವರೆಗೂ ಇರುತ್ತದೆ. ನಿಮ್ಮ ಆಂಪ್ಲಿಫೈಯರ್‌ನ ಇನ್‌ಪುಟ್ ಅದರ ಹತ್ತು ಪಟ್ಟಾದರೂ ಇರಬೇಕು. ಇಲ್ಲದಿದ್ದರೆ ಧ್ವನಿ ಕುಗ್ಗುತ್ತದೆ, ಔಟ್‌ಪುಟ್ ಕೆಪಾಸಿಟರ್ ಚಿಕ್ಕದಿದ್ದರಂತೂ ಮಂದ್ರದ ಸ್ವರಗಳು ಮೊದಲು ಸೊರಗುತ್ತವೆ. ನನ್ನ ಆಂಪ್ಲಿಫೈಯರ್‌ನ ಇನ್‌ಪುಟ್ 10,000 ಓಮ್. ಇದೊಂದೇ ಕಾರಣಕ್ಕೆ ಮನಸ್ಸಿಗೆ ಹಿಡಿಸಿದ್ದ ಎರಡು ಡ್ಯಾಕ್‌ಗಳನ್ನು ಬಿಟ್ಟೆ. ಕೊನೆಗೆ ಕೋಥರೂಡಿನಲ್ಲಿ ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು, 38,000ಕ್ಕೆ. ಹಿಂಭಾಗದಲ್ಲಿ ಎರಡು ಜೋಡಿ ಔಟ್‌ಪುಟ್, ಒಂದು ವಾಲ್ವಿನ ಮೂಲಕ, ಇನ್ನೊಂದು ಬರೀ ಟ್ರಾನ್ಸಿಸ್ಟರ್.

ಮೊದಲ ಸಂಜೆ ಅಪ್ಪ ಅರ್ಧ ಗಂಟೆ ಕೂತು ಕೇಳಿದರು. "ಹಾಂ, ಈಗ ಮೈ ಬಂತು ನೋಡು" ಎಂದರು. ನನಗೆ ಗೆದ್ದಷ್ಟು ಸಂತೋಷ.

ಮೈ ಬರುವುದಕ್ಕೆ ಕಾರಣವೂ ಇದೆ. ವಾಲ್ವ್ ಧ್ವನಿಯನ್ನು ಇದ್ದದ್ದು ಇದ್ದಂತೆ ದಾಟಿಸುವುದಿಲ್ಲ, ಅದರ ಎರಡು ಪಟ್ಟು ಕಂಪನಾಂಕದ ನೆರಳೊಂದನ್ನು ಸೇರಿಸುತ್ತದೆ. ತಂಬೂರಿ ನುಡಿಸಿದವರಿಗೆ ಇದು ತಿಳಿಯುತ್ತದೆ. ಷಡ್ಜ 140 ಹರ್ಟ್ಜ್ ಇದ್ದರೆ ಎರಡು ಪಟ್ಟು 280, ಅದು ತಾರ ಷಡ್ಜ. ಮೂರು ಪಟ್ಟು 420, ತಾರ ಸಪ್ತಕದ ಪಂಚಮ. ಸೇರುವುದು ಬಂಧುಗಳೇ ಆದ್ದರಿಂದ ಕಿವಿಗೆ ಅದು ಕೆಡುಕೆನಿಸದೆ ತುಂಬು ಎನಿಸುತ್ತದೆ. ಆದರೂ ಅದು ಬೆರಕೆಯೇ. ಮನಸೂರರು ಹಾಡಿದ್ದಕ್ಕೆ ಹತ್ತಿರವಾದದ್ದು ಟ್ರಾನ್ಸಿಸ್ಟರ್ ಔಟ್‌ಪುಟ್, ವಾಲ್ವಿನದಲ್ಲ. ಒಂದು ಕಂಠ, ತಂಬೂರಿ, ತಬಲಾ ಇದ್ದಾಗ ಬೆರಕೆ ಹಿತ. ಹತ್ತಾರು ಪಿಟೀಲುಗಳ ಸಿನಿಮಾ ಹಾಡಿನಲ್ಲಿ ಸ್ವರಗಳು ಒಂದಕ್ಕೊಂದು ಗುಣಿಸಿಕೊಂಡು ಮಸುಕು ಹೆಚ್ಚುತ್ತದೆ. ನನಗಂತೂ ಹಾಗೆ ಕೇಳಿಸುತ್ತದೆ.

ಅನುಮಾನದ ಹುಳ ಮಾತ್ರ ಬಿಡಲಿಲ್ಲ. ಮೀಟರ್ ಇಟ್ಟು ನೋಡಿದರೆ ಟ್ರಾನ್ಸಿಸ್ಟರ್ ಔಟ್‌ಪುಟ್ 2 ವೋಲ್ಟ್, ವಾಲ್ವಿನದು 2.6. ಎರಡು ಡೆಸಿಬಲ್‌ಗೂ ಮೀರಿದ ವ್ಯತ್ಯಾಸ. ಸ್ವಲ್ಪ ಜೋರಾದದ್ದು ಯಾರ ಕಿವಿಗೂ ಚೆನ್ನಾಗಿಯೇ ಕೇಳುತ್ತದೆ, ಅಂಗಡಿಯವರಿಗೆಲ್ಲ ಗೊತ್ತಿರುವ ವಿದ್ಯೆ ಇದು. 100 ಹರ್ಟ್ಜ್‌ನ ಒಂದೇ ಸ್ವರ ಹಚ್ಚಿ, ಸ್ಪೀಕರ್ ತಂತಿಯಲ್ಲಿ ವೋಲ್ಟೇಜ್ ಅಳೆದು, ಎರಡನ್ನೂ ಸಮ ಮಾಡಿದೆ. ಹೆಂಡತಿಯ ಕೈಗೆ ರಿಮೋಟ್ ಕೊಟ್ಟೆ. ಅಪ್ಪ ಕಣ್ಣು ಮುಚ್ಚಿ ಕೂತರು. ಹತ್ತು ಸಲ ಅದಲುಬದಲು, ಪ್ರತಿ ಸಲ ಯಾವುದು ಛಲೋ ಎಂಬ ಪ್ರಶ್ನೆ. ಅಪ್ಪ ವಾಲ್ವನ್ನು ಆರಿಸಿದ್ದು ಆರು ಸಲ. ನಾಣ್ಯ ಚಿಮ್ಮಿದರೂ ಆರು ಬರುತ್ತದೆ. ನಾನು ಕೂತೆ. ನನ್ನದು ಐದು. ಹೆಂಡತಿ ಏನೂ ಅನ್ನಲಿಲ್ಲ, ರಿಮೋಟ್ ಮೇಜಿನ ಮೇಲಿಟ್ಟು ಒಳಗೆ ಹೋದಳು.

ಆಮೇಲೆಯೇ ಕಾಕಾನ ಮಾತು ನೆನಪಾದದ್ದು. ಕಿವಿ ಪರೀಕ್ಷೆಯ ಗೆರೆ 3,000 ಹರ್ಟ್ಜ್ ದಾಟಿದ ಮೇಲೆ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. ವಯಸ್ಸಿನ ಕಿವಿಯ ಸ್ವಭಾವವೇ ಹೀಗೆ ಎಂದರು ಪರೀಕ್ಷಿಸಿದವರು. ಸಣ್ಣ ಧ್ವನಿ ಕೇಳಿಸುವುದಿಲ್ಲ, ಕೇಳಿಸಲೆಂದು ಏರಿಸಿದರೆ ಬೇಗನೆ ಸಹಿಸಲಾಗದಷ್ಟು ಜೋರೆನಿಸುತ್ತದೆ. ನಾವು ಮಾಡುತ್ತಿದ್ದದ್ದು ಅದನ್ನೇ, ಅಪ್ಪನಿಗೆ ಕೇಳಲೆಂದು ವಾಲ್ಯೂಮ್ ಏರಿಸುವುದು. ನಾಲ್ಕು ತಿಂಗಳು ನಾನು ಯಂತ್ರದ ಕಿವಿ ಹಿಂಡುತ್ತಿದ್ದೆ. ಹಿಯರಿಂಗ್ ಏಡ್ ಬಂತು. ಮಾತಿಗೆ ಹೊಂದಿಸಿದ್ದು ಸಂಗೀತಕ್ಕೆ ಒಗ್ಗದೆ, ಸಂಗೀತಕ್ಕೆಂದೇ ಬೇರೊಂದು ಪ್ರೋಗ್ರಾಮ್ ಹಾಕಿಸಿದೆವು. ಇಂಥದ್ದು ಇರುತ್ತದೆಂದು ಎಷ್ಟೋ ಜನರಿಗೆ ಗೊತ್ತಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು. ಜೊತೆಗೆ ಹಾಲ್‌ನ ನುಣುಪು ಟೈಲ್ಸ್ ಮೇಲೆ ಊರಿಂದ ತಂದು ಮಡಿಚಿಟ್ಟಿದ್ದ ನವಲಗುಂದದ ಜಮಖಾನ ಹಾಸಿದೆ, ಕಿಟಕಿಗೆ ದಪ್ಪ ಪರದೆ ಹಾಕಿದೆ, ಸ್ಪೀಕರ್‌ಗಳನ್ನು ಮೂಲೆಯಿಂದ ಎರಡು ಅಡಿ ಈಚೆ ಎಳೆದೆ. ಚುಚ್ಚುವುದು ನಿಂತಿತು. ಜಮಖಾನಕ್ಕೆ ಹೊಸದಾಗಿ ಒಂದು ರೂಪಾಯಿ ಖರ್ಚಾಗಲಿಲ್ಲ.

ಹಾಗಾದರೆ 38,000 ದಂಡವೇ? ಮಾರಿಬಿಡಲು ಫೋಟೋ ಕೂಡ ತೆಗೆದಿದ್ದೆ. ಅಪ್ಪ ಬಿಡಲಿಲ್ಲ. ಸಂಜೆ ಆರಕ್ಕೆ ಅವರೇ ಸ್ವಿಚ್ ಹಾಕುತ್ತಾರೆ. ಮೊದಲು ಡ್ಯಾಕ್, ಕೊನೆಗೆ ಆಂಪ್ಲಿಫೈಯರ್, ಆರಿಸುವಾಗ ತಿರುಗಾಮುರುಗಾ. ಇಲ್ಲದಿದ್ದರೆ ಸ್ಪೀಕರ್‌ನಲ್ಲಿ ಧಡ್ ಎನ್ನುತ್ತದೆ. ವಾಲ್ವ್ ಹದಕ್ಕೆ ಬರಲು ಇಪ್ಪತ್ತು ನಿಮಿಷ, ಅಷ್ಟರಲ್ಲಿ ಚಹಾ. ಡ್ಯಾಕನ್ನು ಟಿ.ವಿ. ಕಪಾಟಿನಿಂದ ಹೊರಗೆ, ಗಾಳಿ ಆಡುವಲ್ಲಿ ಇಟ್ಟಿದ್ದೇವೆ, ಸ್ಪೀಕರ್‌ನಿಂದ ದೂರ. ವಾಲ್ವ್ ಅದುರಿದರೆ ಆ ಅದುರೂ ಹಾಡಿನಲ್ಲಿ ಕೇಳುತ್ತದೆ. ಮುಚ್ಚಳಕ್ಕೆ ಮಾತ್ರ ಯಾರೂ ಕೈ ಹಾಕಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಹೈ ವೋಲ್ಟೇಜ್ ಉಳಿದಿರುತ್ತದೆ.

ಹೋದ ತಿಂಗಳು ಕಸ ಗುಡಿಸಲೆಂದು ತಂತಿಗಳನ್ನು ಬಿಚ್ಚಿದವನು, ಮರಳಿ ಸಿಕ್ಕಿಸುವಾಗ ಗಮನಿಸದೆ ಟ್ರಾನ್ಸಿಸ್ಟರ್ ಔಟ್‌ಪುಟ್‌ಗೆ ಹಾಕಿಬಿಟ್ಟಿದ್ದೆ. ಎಂಟು ದಿನ ಅಪ್ಪ ವಾಲ್ವ್ ಕಾಯುವವರೆಗೆ ಕಾದು, ಮನಸೂರರನ್ನು ಕೇಳಿ, "ಇವತ್ತ ಭಾಳ ಛಲೋ ಬಂತು" ಎಂದರು. ಒಂಬತ್ತನೆಯ ದಿನ ತಂತಿಯನ್ನು ಮೆಲ್ಲಗೆ ಸರಿ ಮಾಡಿದೆ. ಅವರಿಗೆ ಹೇಳಿಲ್ಲ. ಇ-ಪೇಪರ್ ಅಕ್ಷರ ಸಣ್ಣ ಎಂದು ಅಪ್ಪ ಇದನ್ನು ಓದುವುದಿಲ್ಲ, ಆ ಧೈರ್ಯದ ಮೇಲೆ ಬರೆದಿದ್ದೇನೆ.