ಚಿತ್ರ ಒಂದೇ ಇರಲಿ, ದನಿ ನಮ್ಮದಿರಲಿ

ದೀಪಾವಳಿ ಕಳೆದ ಮೇಲೆ ಒಂದು ದಿನ ನಿಮ್ಮ ಹಾಜರಿ ಪುಸ್ತಕವನ್ನು ನಿಧಾನವಾಗಿ ನೋಡಿ. ಕೋಸಿಗಿ, ಕೌತಾಳಂ, ಹೊಳಗುಂದ, ಆಲೂರು, ಆದೋನಿ, ಯಾವ ಮಂಡಲದ ಶಾಲೆಯಾದರೂ ಸರಿ, ಕೆಲವು ಹೆಸರುಗಳ ಮುಂದೆ ಗೈರಿನ ಗುರುತು ಸಾಲಾಗಿ ನಿಂತಿರುತ್ತದೆ. ಕಾರಣ ಕೇಳಿದರೆ ಪಕ್ಕದಲ್ಲಿ ಕೂತ ಮಗು ಹೇಳುತ್ತದೆ: "ಸಾರ್, ಅವ್ರು ಸುಗ್ಗಿಗೆ ಹೋಗ್ಯಾರ್ರಿ, ಗುಂಟೂರ್ ಕಡೆ, ಮೆಣಸಿನಕಾಯಿ ಬಿಡ್ಸಾಕ." ಮತ್ತೆ ಆ ಮಗು ನಮಗೆ ಕಾಣುವುದು ಬೇಸಿಗೆ ಹತ್ತಿರ ಬಂದಾಗ. ಅಷ್ಟರಲ್ಲಿ ವಿಜ್ಞಾನದ ಅರ್ಧ ಪುಸ್ತಕ ಮುಗಿದಿರುತ್ತದೆ.

ಆನ್‌ಲೈನ್ ಪಾಠ ಎಂದ ಕೂಡಲೇ ನಮಗೆಲ್ಲ 2020 ನೆನಪಾಗುತ್ತದೆ. ಶಾಲೆ ತೆರೆದ ಮೇಲೆ "ಅಬ್ಬಾ, ಮುಗೀತು" ಅಂತ ಬಿಟ್ಟುಬಿಟ್ಟೆವು. ಆದರೆ ನಮ್ಮ ಭಾಗದಲ್ಲಿ ಪ್ರತಿ ವರ್ಷವೂ ಕೆಲವು ಮಕ್ಕಳಿಗೆ ಶಾಲೆ ಮುಚ್ಚುತ್ತಲೇ ಇದೆ. ಗುಳೆ ಹೋದ ಕುಟುಂಬದ ಜೊತೆಗೆ ಒಂದು ಫೋನೂ ಹೋಗಿರುತ್ತದೆ. ಆ ಫೋನಿಗೆ ನಮ್ಮ ಪಾಠ ತಲುಪಬಹುದೇ? ನಾವು ತಂತ್ರಜ್ಞಾನ ಕಲಿಯಬೇಕಾದುದು ಈ ಪ್ರಶ್ನೆಯಿಂದ.

ಇದಕ್ಕೆ ನಮ್ಮ ನೆಲದಲ್ಲೇ ಒಂದು ಹಳೆಯ ಉದಾಹರಣೆ ಇದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ 'ಸೈಟ್' ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ನಡೆಸಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಟ್ಟು, ಎಟಿಎಸ್-6 ಉಪಗ್ರಹದಿಂದ ನೇರವಾಗಿ ಪಾಠ ಇಳಿಸಿದರು. ಆಂಧ್ರದಲ್ಲಿ ನಮ್ಮ ಕರ್ನೂಲು ಜಿಲ್ಲೆಯೂ, ತುಂಗಭದ್ರೆಯ ಆಚೆ ದಡದ ರಾಯಚೂರೂ ಅದರಲ್ಲಿದ್ದವು. ಉಪಗ್ರಹದಿಂದ ಬರುತ್ತಿದ್ದ ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳಿಸಬಹುದಿತ್ತು. ಹಾಗಾಗಿ ಅದೇ ಚಿತ್ರಕ್ಕೆ ಒಂದು ಕಡೆ ತೆಲುಗು, ಇನ್ನೊಂದು ಕಡೆ ಕನ್ನಡ.

ಅದೇ ಪ್ರಯೋಗದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ 12 ದಿನಗಳ ತರಬೇತಿಯೂ ನಡೆಯಿತು. ಎರಡು ಸುತ್ತುಗಳಲ್ಲಿ 40 ಸಾವಿರಕ್ಕೂ ಹೆಚ್ಚು ಶಿಕ್ಷಕರು ಕಲಿತರು. ಅಲ್ಲಿ ಟಿವಿ ಒಂದೇ ಇರಲಿಲ್ಲ. ರೇಡಿಯೊ, ಅಚ್ಚಾದ ಪಾಠ, ಕೈಯಾರೆ ಮಾಡುವ ಚಟುವಟಿಕೆ, ಕೇಂದ್ರದಲ್ಲಿ ಮಾರ್ಗದರ್ಶನ ಮಾಡುವ ಒಬ್ಬ ಶಿಕ್ಷಕ, ಇಷ್ಟೂ ಇದ್ದವು. ತೆರೆ ಎಷ್ಟೇ ದೊಡ್ಡದಾದರೂ ಪಕ್ಕದಲ್ಲಿ ಮನುಷ್ಯ ಬೇಕು ಎಂದು ಅವರು ಆಗಲೇ ತಿಳಿದಿದ್ದರು.

ಇವತ್ತು ನಮ್ಮ ಕಷ್ಟ ಏನು? ಆಂಧ್ರದಲ್ಲಿ ತಯಾರಾಗುವ ವಿಡಿಯೊ ಪಾಠಗಳು ಹೆಚ್ಚಾಗಿ ತೆಲುಗು, ಇಂಗ್ಲಿಷಿನವು. ಕನ್ನಡದವು ಬೇಕೆಂದರೆ ಕರ್ನಾಟಕದ ಕಡೆ ನೋಡಬೇಕು. 2020ರಲ್ಲಿ ಚಂದನ ವಾಹಿನಿಯಲ್ಲಿ ಬಂದ 'ಸಂವೇದ' ಪಾಠಗಳಿವೆ. 2017ರ ಸೆಪ್ಟೆಂಬರ್ 5ರಂದು ಆರಂಭವಾದ ದೀಕ್ಷಾ ಆ್ಯಪ್‌ನಲ್ಲೂ ಕನ್ನಡದ ಪಾಠಗಳಿವೆ. ಆದರೆ ಪಾಠದ ಕ್ರಮ ಬೇರೆ, ಪರೀಕ್ಷೆ ಬೇರೆ, ಕೆಲವು ಕಡೆ ಪಾರಿಭಾಷಿಕ ಪದವೂ ಬೇರೆ. ವಿಡಿಯೊ ಲಿಂಕನ್ನು ಸುಮ್ಮನೆ ಗುಂಪಿಗೆ ಹಾಕಿದರೆ ಮಗುವಿಗೆ "ಇದು ನಮ್ ಪುಸ್ತಕದ್ದು ಅಲ್ಲ" ಅನಿಸುತ್ತದೆ. ಪರಿಹಾರ 'ಸೈಟ್' ತೋರಿಸಿದ್ದೇ. ಚಿತ್ರವನ್ನು ಎಲ್ಲಿಂದಲಾದರೂ ತನ್ನಿ, ದನಿಯನ್ನು ನೀವು ಕೊಡಿ.

ಮೊದಲ ಸಾಧನ ನಿಮ್ಮ ವಾಟ್ಸ್‌ಆ್ಯಪ್‌ನ ಮೈಕ್ ಗುಂಡಿ. ಹತ್ತು ನಿಮಿಷದ ವಿಡಿಯೊ ಇಳಿಸಿಕೊಳ್ಳಲು ಹತ್ತಾರು ಎಂಬಿ ಬೇಕು. ಮೂರು ನಿಮಿಷದ ದನಿ ಸಂದೇಶಕ್ಕೆ ಸಾಮಾನ್ಯವಾಗಿ ಒಂದು ಎಂಬಿಯೂ ಬೇಡ. ಸಿಗ್ನಲ್ ಕ್ಷೀಣವಿದ್ದರೂ ಬಂದು ಇಳಿಯುತ್ತದೆ. ಪಠ್ಯಪುಸ್ತಕದ ಪುಟದ ಒಂದು ಫೋಟೊ, ಅದರ ಮೇಲೆ ಮೂರು ನಿಮಿಷದ ಮಾತು, ಕೊನೆಗೆ ಒಂದೇ ಒಂದು ಪ್ರಶ್ನೆ. ಇಷ್ಟಾದರೆ ಒಂದು ಪಾಠ.

ಎರಡನೆಯದು ಫೆಟ್ ಸಿಮ್ಯುಲೇಶನ್‌ಗಳು. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಇದನ್ನು ಆರಂಭಿಸಿದರು. ವಿದ್ಯುತ್ ಮಂಡಲ, ಆಮ್ಲ-ಪ್ರತ್ಯಾಮ್ಲ, ಬೆಳಕಿನ ವಕ್ರೀಭವನ ಎಲ್ಲವನ್ನೂ ಬೆರಳಿನಿಂದ ಮಾಡಿ ನೋಡಬಹುದು. ಉಚಿತ, ಕೆಲವು ಕನ್ನಡದಲ್ಲೂ ಇವೆ. ಹೊಸ ಬಗೆಯವನ್ನು ಒಂದೇ ಕಡತವಾಗಿ ಇಳಿಸಿಟ್ಟುಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆಯುತ್ತವೆ. ಊರು ಬಿಡುವ ಮುಂಚೆಯೇ ಮಗುವಿನ ಮನೆಯ ಫೋನಿಗೆ ಎರಡು ಮೂರು ಹಾಕಿ ಕಳಿಸಿ. ನಿಮ್ಮೆದುರಿಗೆ ಒಂದು ಸಲ ತೆರೆಸಿ ನೋಡುವುದನ್ನು ಮರೆಯಬೇಡಿ.

ಮೂರನೆಯದು ಸಣ್ಣದು, ಆದರೆ ಬಹಳ ಕಾಡುವುದು. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಟಿಪ್ಪಣಿ ಫೋನಿನಲ್ಲಿ ಗುರುತೇ ಸಿಗದ ಅಕ್ಷರಗಳಾಗಿ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಬದಲಿಸಿ, ಇಲ್ಲವೇ ಪಿಡಿಎಫ್ ಮಾಡಿ ಕಳಿಸಿ. ಟೈಪಿಂಗ್ ಬಾರದವರು ಚಿಂತಿಸಬೇಕಿಲ್ಲ, ಜಿಬೋರ್ಡ್ ಕನ್ನಡದ ಮಾತನ್ನು ಅಕ್ಷರ ಮಾಡಿಕೊಡುತ್ತದೆ. ತಪ್ಪು ತಿದ್ದುವ ಕೆಲಸ ಮಾತ್ರ ನಮ್ಮದು.

ಒಂದು ಪಾಠವನ್ನು ಮಾದರಿಗೆ ನೋಡೋಣ. ವಿಷಯ ಬಾಷ್ಪವಿಸರ್ಜನೆ. ದನಿ ಸಂದೇಶದಲ್ಲಿ ಹೀಗೆ ಹೇಳಿ: "ಹೊಲದ ಬದುವಿನಾಗ ಬೇವಿನ ಗಿಡ ಐತಲ್ಲ? ಎಲೆ ಇರೋ ಒಂದು ಕೊಂಬೆಗೆ ಬೆಳಿಗ್ಗೆ ತಿಳಿ ಪ್ಲಾಸ್ಟಿಕ್ ಕವರ್ ತೊಡಿಸಿ ಬಾಯಿ ಬಿಗಿಯಾಗಿ ಕಟ್ಟು. ಇನ್ನೊಂದು ಕವರನ್ನ ಒಣ ಕಡ್ಡಿಗೆ ಕಟ್ಟು. ಮಧ್ಯಾಹ್ನ ಉಣ್ಣೋ ಹೊತ್ತಿಗೆ ಎರಡೂ ನೋಡು. ಯಾವುದರೊಳಗ ನೀರ ಹನಿ ಬಂದಾವ? ಯಾಕ?" ಮೆಣಸಿನ ಗಿಡಕ್ಕೆ ಕಟ್ಟಲು ಹೇಳಬೇಡಿ, ಅದಕ್ಕೆ ಔಷಧಿ ಹೊಡೆದಿರುತ್ತಾರೆ. ಮಗು ಉತ್ತರವನ್ನು ದನಿಯಲ್ಲೇ ಕಳಿಸಲಿ. ಅದನ್ನು ಶಾಲೆಯಲ್ಲಿ ಉಳಿದ ಮಕ್ಕಳಿಗೆ ಕೇಳಿಸಿ. ಅವರೂ ಇಲ್ಲಿನ ಗಿಡಕ್ಕೆ ಕವರ್ ಕಟ್ಟಿರಲಿ. ಕೃಷ್ಣೆಯ ಬಯಲಿನ ಕೊಂಬೆಯಲ್ಲಿ ಹೆಚ್ಚು ಹನಿಯೋ, ನಮ್ಮ ಕರಿನೆಲದ ಕೊಂಬೆಯಲ್ಲಿ ಹೆಚ್ಚೋ? ಪತ್ರರಂಧ್ರ, ಬಿಸಿಲು, ಗಾಳಿ, ಮಣ್ಣಿನ ತೇವ ಎಲ್ಲವೂ ಚರ್ಚೆಗೆ ಬರುತ್ತವೆ. ಎಲೆಗಳ ಸಂಖ್ಯೆ, ಕಟ್ಟಿಟ್ಟ ಹೊತ್ತು ಒಂದೇ ಇಲ್ಲದಿದ್ದರೆ ಹೋಲಿಕೆ ಸರಿಯೇ ಎಂಬ ಪ್ರಶ್ನೆಯನ್ನೂ ಮಕ್ಕಳೇ ಎತ್ತಲಿ. ಹಾಜರಿಯಲ್ಲಿ ಇಲ್ಲದ ಮಗು ಅವತ್ತು ತರಗತಿಯಲ್ಲಿ ಇರುತ್ತದೆ.

ಇನ್ನು ನಮ್ಮ ನಮ್ಮಲ್ಲಿ ಕಲಿಯುವುದು ಹೇಗೆ? "ಈ ವಯಸ್ಸಿನಾಗ ನನಗ್ಯಾಕ್ರಿ ಇದೆಲ್ಲ" ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಪಾಠ ಹೇಳುವ ಕಲೆ ಕಿರಿಯರಿಗಿಲ್ಲ, ಕಿರಿಯರ ಫೋನಿನ ಕೈಚಳಕ ಅವರಿಗಿಲ್ಲ. ಸ್ಕೂಲ್ ಕಾಂಪ್ಲೆಕ್ಸ್ ಸಭೆಯಲ್ಲಿ ಇಬ್ಬಿಬ್ಬರು ಜೋಡಿಯಾಗಿ. ಹಿರಿಯರು ಮಾತಾಡಲಿ, ಕಿರಿಯರು ಮುದ್ರಿಸಲಿ. ಒಂದು ಸಭೆಗೆ ಒಂದೇ ಪಾಠ ಸಾಕು. ಹತ್ತು ಶಾಲೆಗಳು ಹಂಚಿಕೊಂಡರೆ ಸುಗ್ಗಿ ಮುಗಿಯುವುದರೊಳಗೆ ನಮ್ಮದೇ ದನಿಯ ಒಂದು ಸಣ್ಣ ಭಂಡಾರ ಆಗುತ್ತದೆ.

ಎರಡು ಎಚ್ಚರಿಕೆ. ಫೋನ್ ಮಗುವಿನದಲ್ಲ, ಅಪ್ಪನದು. ಸಂಜೆ ಅವರು ಗುಡಿಸಲಿಗೆ ಬಂದ ಮೇಲೆ ಪಾಠ ಕಳಿಸಿ, ತಂದೆ ತಾಯಿಗೂ ಮೊದಲೇ ಹೇಳಿಡಿ. ಹೆಣ್ಣುಮಕ್ಕಳಿರುವ ಮನೆಯ ನಂಬರ್ ದೊಡ್ಡ ಗುಂಪಿನಲ್ಲಿ ಎಲ್ಲರಿಗೂ ಕಾಣದಂತೆ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಕಳಿಸುವುದು ಮೇಲು. ಅವರು ನಿಮ್ಮ ನಂಬರನ್ನು ಉಳಿಸಿಕೊಂಡಿದ್ದರೆ ಮಾತ್ರ ಅದು ತಲುಪುತ್ತದೆ, ನೆನಪಿರಲಿ. ಇನ್ನೊಂದು, ಈ ಪಾಠ ಶಾಲೆಗೆ ಬದಲಿ ಅಲ್ಲ. ಊರಲ್ಲೇ ಅಜ್ಜಿಯ ಬಳಿ ಅಥವಾ ಹಾಸ್ಟೆಲ್‌ನಲ್ಲಿ ಉಳಿಯಬಲ್ಲ ಮಗುವನ್ನು ಉಳಿಸಿಕೊಳ್ಳುವುದೇ ಮೊದಲ ಕೆಲಸ. ಹೋಗಲೇಬೇಕಾದ ಮಗುವಿಗೆ ಮಾತ್ರ ಈ ದಾರಿ.

ಆ ಮಗು ಬೇಸಿಗೆಯಲ್ಲಿ ಹಿಂದಿರುಗಿದಾಗ "ಎಲ್ಲಿ ಹೋಗಿದ್ದಿ ಇಷ್ಟು ದಿನ?" ಅಂತ ಕೇಳುತ್ತೇವಲ್ಲ, ಈ ಸಲ ಬೇರೆ ಮಾತು ಕೇಳೋಣ: "ನಿನ್ನ ಕವರಿನಾಗ ಎಷ್ಟು ಹನಿ ಬಂದಿದ್ವು?"