ಹಕ್ಕಿಯ ಕಾಲಲ್ಲಿ ಮುಂಬೈ ವಿಳಾಸ

ಠಾಣೆ ಖಾಡಿಯ ಕೆಸರಿನಲ್ಲಿ ಮೇಯುವ ಸಾವಿರಾರು ರಾಜಹಂಸಗಳಲ್ಲಿ ಎಲ್ಲೋ ಒಂದೆರಡರ ಕಾಲಿನಲ್ಲಿ ಉಂಗುರ ಇರುತ್ತದೆ. ಐರೋಲಿಯಿಂದ ದೋಣಿ ಹತ್ತಿ ಹೋದವರ ಕಣ್ಣು ರೆಕ್ಕೆಯ ಗುಲಾಬಿಯಲ್ಲೇ ಸಿಕ್ಕಿಬೀಳುವುದರಿಂದ ಅದು ಕಾಣುವುದು ಅಪರೂಪ. ಸದಾ ನೀರಲ್ಲಿ ನಿಲ್ಲುವ ಹಕ್ಕಿಯಾದ್ದರಿಂದ ಉಂಗುರವನ್ನು ಕಾಲಿನ ಗಂಟಿಗಿಂತ ಮೇಲೆ ತೊಡಿಸುತ್ತಾರೆ. ಲೋಹದ ಉಂಗುರದ ಮೇಲೆ ಒಂದು ನಂಬರು, ಅದರ ಜೊತೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ ಎಂಬ ಇಂಗ್ಲಿಷ್ ಒಕ್ಕಣೆ. 1883ರಲ್ಲಿ ಹುಟ್ಟಿದ ಈ ಸಂಸ್ಥೆಯ ಹೆಸರು ಹಕ್ಕಿಗಳ ಕಾಲೇರಿ ಸೈಬೀರಿಯಾದವರೆಗೂ ಹೋಗಿಬಂದಿದೆ.

ಈ ಪದ್ಧತಿಗೆ ಗಟ್ಟಿ ತಳಹದಿ ಹಾಕಿದವರು ಡೆನ್ಮಾರ್ಕಿನ ಶಾಲಾ ಮೇಷ್ಟ್ರು ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸನ್. 1899ರಲ್ಲಿ ಅವರು 165 ಸ್ಟಾರ್ಲಿಂಗ್ ಹಕ್ಕಿಗಳಿಗೆ ಗುರುತು ಕೊರೆದ ಅಲ್ಯೂಮಿನಿಯಂ ಉಂಗುರ ತೊಡಿಸಿ ಬಿಟ್ಟರು. ನಮ್ಮಲ್ಲಿ 1927ರ ಸುಮಾರಿಗೆ ಧಾರ್ ಸಂಸ್ಥಾನದಲ್ಲಿ ಸೊಸೈಟಿಯ ಉಂಗುರಗಳು ಕಾಡುಬಾತುಗಳ ಕಾಲೇರಿದವು.

ಉಂಗುರ ತೊಡಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ಅದನ್ನು ಯಾರಾದರೂ ಓದಬೇಕು. ಅಷ್ಟು ಸಣ್ಣ ಅಂಕಿ ಓದಲು ಹಕ್ಕಿ ಕೈಗೇ ಸಿಗಬೇಕು. ಆ ಕಾಲದಲ್ಲಿ ಬಾತು ಕೈಗೆ ಸಿಗುತ್ತಿದ್ದುದು ಹೆಚ್ಚಾಗಿ ಕೋವಿಯಿಂದ. ಭರತಪುರದಲ್ಲಿ 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡ ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಹೊಡೆದು ಕೆಡವಿತು. ಇಂದಿಗೂ ಆ ಸಂಖ್ಯೆ ಓದಿದರೆ ಎದೆ ಝಲ್ಲೆನ್ನುತ್ತದೆ. ಆದರೂ ಸತ್ಯ ಹೇಳಬೇಕು: ವಲಸೆಯ ದಾರಿಯ ಬಗ್ಗೆ ನಮಗೆ ಮೊದಮೊದಲು ತಿಳಿದದ್ದರಲ್ಲಿ ದೊಡ್ಡ ಪಾಲು ಶಿಕಾರಿಯವರ ಚೀಲದಿಂದಲೇ ಬಂತು. ಇಲ್ಲಿ ಉಂಗುರ ತೊಟ್ಟ ಬಾತು ಸೈಬೀರಿಯಾದಲ್ಲೋ ಕಝಾಕಸ್ತಾನದಲ್ಲೋ ಗುಂಡಿಗೆ ಸಿಕ್ಕಾಗ, ಅಲ್ಲಿಯ ಬೇಟೆಗಾರ ನಂಬರು ಕಳಿಸಿದರೆ ನಕ್ಷೆಯ ಮೇಲೆ ಇನ್ನೊಂದು ಗೆರೆ ಮೂಡುತ್ತಿತ್ತು. ಪಕ್ಷಿತಜ್ಞ ಸಲೀಂ ಅಲಿಯವರೂ ಹಕ್ಕಿಲೋಕಕ್ಕೆ ಬಂದದ್ದು, ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಹಳದಿ ಕತ್ತಿನ ಗುಬ್ಬಿಯೊಂದನ್ನು ಹಿಡಿದುಕೊಂಡು ಇದೇ ಸೊಸೈಟಿಯ ಬಾಗಿಲಿಗೆ ಹೋದ ಮೇಲೆ.

ಮುಂಬೈಯ ಈ ಉಂಗುರಕ್ಕೆ ನಿಜವಾದ ಬಲ ಬಂದದ್ದು ನಮ್ಮ ಮಲೆನಾಡಿನ ಸಂಕಟದಿಂದ ಎಂಬುದು ಡೊಂಬಿವಲಿ, ಕಲ್ಯಾಣದ ಕನ್ನಡಿಗರಿಗೂ ಅಷ್ಟಾಗಿ ಗೊತ್ತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಬೆನ್ನಿಗೇ ಜನರಿಗೂ ಜ್ವರ, ಸಾವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಇದು ಹತ್ತಿರದ ನಂಟ ಎಂದು ಕಂಡಿತು. ಸೈಬೀರಿಯಾದ ವೈರಸ್ಸಿನ ದಾಯಾದಿ ಶಿವಮೊಗ್ಗ ಜಿಲ್ಲೆಗೆ ಬಂದದ್ದು ಹೇಗೆ? ವಲಸೆ ಹಕ್ಕಿಗಳ ಮೈಗೆ ಕಚ್ಚಿಕೊಂಡ ಉಣುಗು ತಂದಿರಬಹುದೇ ಎಂಬ ಅನುಮಾನ ಹುಟ್ಟಿತು. ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದೇ ಗೊತ್ತಿಲ್ಲದೆ ಇದಕ್ಕೆ ಉತ್ತರ ಸಿಗುವಂತಿರಲಿಲ್ಲ. ಹಣವಿಲ್ಲದೆ ಸೊರಗಿದ್ದ ಉಂಗುರದ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತು, ಸಲೀಂ ಅಲಿಯವರ ಮುಂದಾಳತ್ವದಲ್ಲಿ 1959ರಿಂದಾಚೆಗೆ ದೊಡ್ಡ ಯೋಜನೆಯೇ ನಡೆಯಿತು. ಮಂಗನ ಕಾಯಿಲೆಯನ್ನು ಹಕ್ಕಿಗಳು ತಂದವು ಎನ್ನಲು ಪುರಾವೆ ಸಿಗಲಿಲ್ಲ. ಆದರೆ ಆ ನೆಪದಲ್ಲಿ ಉಂಗುರ ತೊಟ್ಟ ಹಕ್ಕಿಗಳು ಉಪಖಂಡದ ವಲಸೆಯ ಚಿತ್ರವನ್ನೇ ಬದಲಿಸಿದವು.

ಹಕ್ಕಿ ಹಿಡಿಯುವ ವಿದ್ಯೆ ವಿಜ್ಞಾನಿಗಳ ಕೈಯಲ್ಲಿರಲಿಲ್ಲ. ಅದನ್ನು ಬಲ್ಲವರು ಬಿಹಾರದ ಮೀರ್‌ಶಿಕಾರಿಗಳು, ತಲೆಮಾರುಗಳಿಂದ ಹಕ್ಕಿ ಹಿಡಿದೇ ಬದುಕಿದವರು. ಆ ಸಮುದಾಯದ ಅಲಿ ಹುಸೇನ್ ಸೊಸೈಟಿಯ ಜೊತೆ ದುಡಿದು ಹೆಸರಾದರು. ಗರಿಯೂ ಮುರಿಯದಂತೆ ಹಕ್ಕಿಯನ್ನು ಬಲೆಗೆ ಬೀಳಿಸಬೇಕು, ಅಂಗೈಯಲ್ಲಿ ಅದುಮದೆ ಹಿಡಿಯಬೇಕು, ಬಾಯ್ತೆರೆದ ಉಂಗುರವನ್ನು ಕಾಲಿಗೆ ಕೂರಿಸಿ ಇಕ್ಕಳದಿಂದ ಎರಡು ತುದಿ ಸರಿಯಾಗಿ ಕೂಡುವಂತೆ ಒತ್ತಬೇಕು. ತುದಿಗಳ ನಡುವೆ ಸಂದು ಉಳಿದರೆ ಎಳೆಯೋ ನಾರೋ ಸಿಕ್ಕಿಕೊಳ್ಳುತ್ತದೆ, ಬಿಗಿಯಾದರೆ ಕಾಲು ಕೊಯ್ಯುತ್ತದೆ. ಬೆರಳುಗಳಿಗೆ ಪಳಗಿದ ಲೆಕ್ಕ ಅದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬಾತು ಬೇಟೆಗೆ ಕಡಿವಾಣ ಬಿತ್ತು. ಕೋವಿಯಿಂದ ಬರುತ್ತಿದ್ದ ಸುದ್ದಿ ಈಗ ಕಣ್ಣಿನಿಂದ ಬರಬೇಕಾಯಿತು. ದೂರದಿಂದಲೇ ಓದಬಹುದಾದ ಬಣ್ಣದ ಉಂಗುರ, ಪುಟ್ಟ ಬಾವುಟ, ಕೊರಳಪಟ್ಟಿಗಳು ಬಳಕೆಗೆ ಬಂದವು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಟ್ಟ ಪಟ್ಟೆತಲೆ ಹೆಬ್ಬಾತುಗಳು ಮೈಸೂರು ಸೀಮೆಯ ಹದಿನಾರು ಕೆರೆಯಲ್ಲಿ ಪಕ್ಷಿವೀಕ್ಷಕರ ದುರ್ಬೀನಿಗೆ ಸಿಕ್ಕದ್ದು ಹೀಗೆ.

ಠಾಣೆ ಖಾಡಿ 2015ರಲ್ಲಿ ರಾಜಹಂಸ ಅಭಯಾರಣ್ಯವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳ ರಾಮ್ಸರ್ ಪಟ್ಟಿ ಸೇರಿತು. ಅದೇ 2022ರ ಜನವರಿಯಲ್ಲಿ ಸೊಸೈಟಿಯವರು ಇಲ್ಲಿಯ ಆರು ರಾಜಹಂಸಗಳಿಗೆ ಇರುವ ಜಾಗದ ಸುಳಿವು ಕೊಡುವ ಟ್ಯಾಗ್ ಕಟ್ಟಿದರು. ಒಂದರ ಹೆಸರು ಸಲೀಂ, ಇನ್ನೊಂದು ಹುಮಾಯೂನ್, ಮತ್ತೊಂದು ಖೇಂಗಾರ್‌ಜಿ. ಈ ಕೊನೆಯ ಹೆಸರು, ಕಛ್‌ನ ರಣದಲ್ಲಿ ರಾಜಹಂಸಗಳು ಗೂಡು ಕಟ್ಟುವುದನ್ನು ಲೋಕಕ್ಕೆ ತಿಳಿಸಿದ ಅಲ್ಲಿಯ ಮಹಾರಾವ್ ಅವರ ನೆನಪಿಗೆ. ಒಂದಕ್ಕೆ ನವಿ ಮುಂಬೈ ಎಂದೇ ಹೆಸರಿಟ್ಟರು. ಮಳೆಗಾಲದ ಹೊತ್ತಿಗೆ ಅವುಗಳಲ್ಲಿ ಕೆಲವು ಗುಜರಾತಿನ ದಾರಿ ಹಿಡಿದದ್ದು ಪರದೆಯ ಮೇಲೆ ಕಂಡಿತು.

ಇದು ಬರೀ ಕುತೂಹಲದ ಮಾತಲ್ಲ. ಉಬ್ಬರದಲ್ಲಿ ಖಾಡಿಯ ಕೆಸರು ಮುಳುಗಿದಾಗ ಈ ಹಕ್ಕಿಗಳು ನೆರೂಳ್, ಸೀವುಡ್ಸ್ ಬದಿಯ ನೀರುತಾಣಗಳಿಗೆ ಬರುತ್ತವೆ. ಆ ತಾಣಗಳಿಗೆ ನೀರು ಹರಿಯುವ ದಾರಿ ಮುಚ್ಚಿದರೆ ಹಕ್ಕಿಗೆ ಕೂರಲು ಜಾಗವಿಲ್ಲ. 2024ರ ಮೇ 20ರ ರಾತ್ರಿ ಘಾಟ್ಕೋಪರ್ ಬಳಿ ವಿಮಾನಕ್ಕೆ ಬಡಿದು ಮೂವತ್ತಕ್ಕೂ ಹೆಚ್ಚು ರಾಜಹಂಸಗಳು ಸತ್ತವು. ಉಲ್ವೆಯಲ್ಲಿ ಈಗ ಇನ್ನೊಂದು ವಿಮಾನ ನಿಲ್ದಾಣ ಎದ್ದಿದೆ. ಹಕ್ಕಿ ಯಾವ ಹೊತ್ತಿಗೆ, ಯಾವ ದಾರಿಯಲ್ಲಿ ಹಾರುತ್ತದೆ ಎಂಬುದು ಈ ಊರುಗಳಿಗೆ ಬೇಕೇ ಬೇಕಾದ ಮಾಹಿತಿ, ಮತ್ತು ಅದನ್ನು ಆರು ಟ್ಯಾಗುಗಳಿಂದಷ್ಟೇ ತುಂಬಲಾಗದು.

ಹಾಗಾಗಿ ಈ ಚಳಿಗಾಲದಲ್ಲಿ ಖಾಡಿಗೆ ಹೋದವರು ಕಾಲನ್ನೂ ನೋಡಬೇಕು. ಉಂಗುರವೋ ಬಾವುಟವೋ ಕಂಡರೆ ಅದರ ಬಣ್ಣ, ಅಕ್ಷರ, ಅಂಕಿ, ಎಡಗಾಲೋ ಬಲಗಾಲೋ, ಗಂಟಿನ ಮೇಲೋ ಕೆಳಗೋ, ಜಾಗ, ತಾರೀಖು ಇಷ್ಟನ್ನು ಬರೆದು, ಫೋಟೊ ಇದ್ದರೆ ಜೊತೆಗಿಟ್ಟು ಸೊಸೈಟಿಗೆ ಕಳಿಸಬಹುದು. ಅಂಕಿ ಪೂರ್ತಿ ಕಾಣದಿದ್ದರೆ ಕಂಡಷ್ಟನ್ನೇ ಬರೆಯಬೇಕು. ಊಹಿಸಿ ತುಂಬಿದ ಒಂದು ಅಂಕಿ ಬೇರೆಯೇ ಹಕ್ಕಿಯನ್ನು ಬೇರೆಯೇ ದೇಶಕ್ಕೆ ಕಳಿಸಿಬಿಡುತ್ತದೆ.