ಪೀಣ್ಯದ ಮಕ್ಕಳೂ ಅತಿವಾಸ್ತವ ಕಲೆಯೂ

ಕಲೆಯ ಚರ್ಚೆಯಲ್ಲಿ ‘ಅತಿವಾಸ್ತವವಾದ’ ಎಂಬ ಮಾತು ಬಂದೊಡನೆ, ಅದು ಪಂಡಿತರ ಪಾಲಿನದು, ನಮಗೇಕೆ ಎಂದು ಅನೇಕರು ಹಿಂದೆ ಸರಿಯುತ್ತಾರೆ. ಸರ್ರಿಯಲಿಸಂ ಎಂಬುದಕ್ಕೆ ನಾವು ಮಾಡಿಕೊಂಡ ಈ ಕನ್ನಡ ರೂಪ ನಾಲಗೆಗೆ ಭಾರವೇ ಸರಿ. ಆದರೆ ಅದು ಹೇಳುವ ವಿಷಯ ಏಳೆಂಟು ವರ್ಷದ ಮಗುವಿಗೆ ಕಷ್ಟದ್ದಲ್ಲ. ಕೈಕೆಲಸದ ಮೂಲಕ ಅದನ್ನು ಕಲಿಸುವ ಬಗೆ ಹೇಗೆ, ಅದರಲ್ಲಿಯೂ ಬೆಂಗಳೂರಿನ ಅಂಚಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಅದರಿಂದೇನು ಪ್ರಯೋಜನ ಎಂಬುದನ್ನು ವಿಚಾರಿಸೋಣ.

ಈ ಪಂಥ ರೂಪುಗೊಂಡದ್ದು ಮೊದಲನೆಯ ಮಹಾಯುದ್ಧದ ಬಳಿಕ, ಪ್ಯಾರಿಸ್ಸಿನಲ್ಲಿ. ಯುದ್ಧಕಾಲದಲ್ಲಿ ಮನೋರೋಗಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದ ಕವಿ ಆಂದ್ರೆ ಬ್ರೆಟನ್ 1924ರಲ್ಲಿ ಇದರ ಪ್ರಣಾಳಿಕೆಯನ್ನು ಪ್ರಕಟಿಸಿದನು. ತೋಚಿದಂತೆ ಗೆರೆಯೆಳೆಯುವ ಮಾರ್ಗವೂ ಈ ಪಂಥದಲ್ಲಿತ್ತು. ಆದರೆ ಮಕ್ಕಳಿಗೆ ಹೆಚ್ಚು ಉಪಯುಕ್ತವಾದುದು ಇನ್ನೊಂದು ಮಾರ್ಗ. ಬೆಲ್ಜಿಯಮ್ಮಿನ ರೆನೆ ಮ್ಯಾಗ್ರಿಟ್ 1938ರಲ್ಲಿ ರಚಿಸಿದ ಚಿತ್ರವೊಂದರಲ್ಲಿ, ಕೋಣೆಯ ಅಗ್ಗಿಷ್ಟಿಕೆಯ ಗೂಡಿನಿಂದ ರೈಲಿನ ಎಂಜಿನ್ನೊಂದು ಹೊಗೆಯುಗುಳುತ್ತ ಹೊರಬರುತ್ತಿದೆ. ಗಮನಿಸಬೇಕಾದುದೆಂದರೆ, ಎಂಜಿನ್ನು ಎಂಜಿನ್ನಿನಂತೆಯೇ ಇದೆ. ಮೇಲಿರುವ ಗಡಿಯಾರ, ಕನ್ನಡಿಗಳೂ ನಿಜದಂತೆಯೇ ಇವೆ. ಬಿಡಿ ವಸ್ತುಗಳೆಲ್ಲ ನಾವು ಬಲ್ಲವೇ. ಅಚ್ಚರಿ ಇರುವುದು ಅವುಗಳ ಕೂಟದಲ್ಲಿ. ಇಂಥ ಚಿತ್ರ ಬರೆಯಬೇಕಾದರೆ ಮೊದಲು ವಸ್ತುವನ್ನು ಚೆನ್ನಾಗಿ ನೋಡಿರಬೇಕು.

ನಮ್ಮ ನೆಲಕ್ಕೂ ಇದು ತೀರ ಹೊಸದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಸಾಲುಗಟ್ಟಿರುವ ಮಕರಗಳನ್ನು ಕಂಡವರು ಬಲ್ಲರು: ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನಂಥ ಬಾಲ. ವ್ಯತ್ಯಾಸವಿಷ್ಟೇ: ಮಕರದ ರೂಪವನ್ನು ಸಂಪ್ರದಾಯವೇ ಗೊತ್ತುಮಾಡಿದೆ, ಅತಿವಾಸ್ತವ ಕಲಾವಿದ ಪ್ರತಿಸಲವೂ ಹೊಸ ಕೂಟವನ್ನು ಹುಡುಕಬೇಕು.

ಇನ್ನು ಪೀಣ್ಯದ ವಿಚಾರ. 1970ರ ದಶಕದಿಂದ ಬೆಳೆದ ಈ ಪ್ರದೇಶದಲ್ಲಿ ಲೇತು, ಪ್ರೆಸ್ಸು, ಎರಕದ ಸಣ್ಣ ಕಾರ್ಖಾನೆಗಳು ಸಾವಿರಾರು. ದುಡಿಯುವವರಲ್ಲಿ ಉತ್ತರ ಕರ್ನಾಟಕದವರೂ ಒಡಿಶಾ, ಬಿಹಾರಗಳಿಂದ ಬಂದವರೂ ಇದ್ದಾರೆ. ಅವರ ಮಕ್ಕಳು ಬೆಳೆಯುವುದು ಕಬ್ಬಿಣದ ಸದ್ದಿನ ನಡುವೆ. ಆದರೆ ಚಿತ್ರ ಬರೆಯೆಂದರೆ ಎಲ್ಲ ಕಡೆಯ ಮಕ್ಕಳಂತೆ ಬರೆಯುವುದು ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಹೆಂಚಿನ ಮನೆ, ಒಂದು ತೆಂಗಿನ ಮರ. ದಿನವೂ ಕಾಣುವುದು ಚಿತ್ರಕ್ಕೆ ಯೋಗ್ಯವಲ್ಲವೆಂದು ಮಗು ಹೀಗೆ ತಿಳಿಯುತ್ತದೆ. ತಂದೆತಾಯಿ ದುಡಿಯುವ ತಾಣ ನೋಡತಕ್ಕದ್ದಲ್ಲವೆಂದು ಒಮ್ಮೆ ನಂಬಿದ ಮಗುವಿಗೆ, ಕ್ರಮೇಣ ಅವರ ದುಡಿಮೆಯೂ ಕಾಣದೆ ಹೋಗುತ್ತದೆ. ಈ ಕಲೆಯ ಪಾಠ ಇಲ್ಲಿ ಬೇಕಾಗಿರುವುದು ಅದಕ್ಕಾಗಿ.

ಪಾಠವನ್ನು ಮೂರು ತರಗತಿಗಳಾಗಿ ಹಂಚಿ, ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಬಹುದು. ಮೊದಲನೆಯ ದಿನ ಉಜ್ಜುವ ಕೆಲಸ. ಮ್ಯಾಕ್ಸ್ ಅರ್ನ್ಸ್ಟ್ ಎಂಬ ಕಲಾವಿದ 1925ರಲ್ಲಿ ಹಳೆಯ ಮರದ ನೆಲದ ಮೇಲೆ ಕಾಗದವಿಟ್ಟು ಗ್ರಾಫೈಟಿನಿಂದ ಉಜ್ಜಿ, ಮೂಡಿದ ಗೆರೆಗಳಲ್ಲಿ ಕಾಡು, ಹಕ್ಕಿಗಳನ್ನು ಕಂಡನು. ನಮ್ಮ ಮಕ್ಕಳು ತೆಳು ಕಾಗದದ ಕೆಳಗೆ ನಟ್ಟು, ವಾಷರು, ಹಲ್ಲುಚಕ್ರ, ಸೈಕಲ್ ಚೈನುಗಳನ್ನಿಟ್ಟು ಮೇಣದ ಬಳಪದಿಂದ ಉಜ್ಜಲಿ. ಚೈನು ಹಾವಿನ ಬೆನ್ನಾಗುತ್ತದೆ, ವಾಷರು ಗೂಬೆಯ ಕಣ್ಣಾಗುತ್ತದೆ.

ಎರಡನೆಯ ದಿನ ಮಡಿಕೆಯ ಆಟ. ಬ್ರೆಟನ್ನನ ಗೆಳೆಯರು ಆಡುತ್ತಿದ್ದ ಆಟವಿದು. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಒಬ್ಬರು ಬರೆದುದು ಇನ್ನೊಬ್ಬರಿಗೆ ಕಾಣದಂತೆ ತಲೆ, ಎದೆ, ನಡು, ಕಾಲುಗಳನ್ನು ಬರೆಯುತ್ತಾರೆ. ಗೆರೆಗಳನ್ನು ಮಡಿಕೆಯಾಚೆಗೆ ಒಂದಿಷ್ಟು ಚಾಚಿದರೆ ಮುಂದಿನವರಿಗೆ ಜೋಡಿಸುವ ಜಾಗ ತಿಳಿಯುತ್ತದೆ. ಇದಕ್ಕೆ ಮಾತೇ ಬೇಡವಾದುದರಿಂದ, ಕನ್ನಡ ಇನ್ನೂ ಬಾರದ ಮಗುವೂ ಸಮನಾಗಿ ಆಡಬಲ್ಲದು.

ಮೂರನೆಯ ದಿನ ಜೋಡಣೆ. ಪಿಕಾಸೊ 1942ರಲ್ಲಿ ಸೈಕಲ್ಲಿನ ಸೀಟಿಗೆ ಹ್ಯಾಂಡಲ್ಲನ್ನು ಕೂಡಿಸಿ ಗೂಳಿಯ ತಲೆ ಮಾಡಿದನು. ಹಾಗೆಯೇ ಮಕ್ಕಳು ರಟ್ಟಿನ ಮೈಗೆ ಉಜ್ಜಿದ ಕಾಗದದ ಚರ್ಮ ಅಂಟಿಸಿ, ಬೋಲ್ಟಿನ ಕಾಲು ಕಟ್ಟಲಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಡೆಯಾದರೆ ಸಾಮಾನು ಬಂದ ರಟ್ಟಿನ ಪೆಟ್ಟಿಗೆಗಳಿಗೆ ಕೊರತೆಯಿಲ್ಲ. ಆದರೆ ಎಚ್ಚರವಿರಲಿ: ಲೇತಿನಿಂದ ಬೀಳುವ ಲೋಹದ ಸುರುಳಿ ಬ್ಲೇಡಿನಷ್ಟು ಹರಿತ, ಹಳೆಯ ಎಲೆಕ್ಟ್ರಾನಿಕ್ ಹಲಗೆಗಳ ಬೆಸುಗೆಯಲ್ಲಿ ವಿಷಕಾರಿ ಸೀಸವಿರುತ್ತದೆ. ಇವೆರಡನ್ನೂ ಮಕ್ಕಳ ಕೈಗೆ ಕೊಡಕೂಡದು. ಉಳಿದುವನ್ನು ಸಾಬೂನಿನಿಂದ ತೊಳೆದು ಕೊಡಬೇಕು.

ಉಪಾಧ್ಯಾಯರಿಗೂ ಒಂದು ಮಾತು. ಸಿದ್ಧವಾದುದನ್ನು ಕಂಡು ‘ಇದೇನು?’ ಎಂದು ಕೇಳಿದರೆ ಮಗು ಸುಮ್ಮನಾಗುತ್ತದೆ. ‘ಇದು ಎಲ್ಲಿ ಮಲಗುತ್ತದೆ? ಏನು ತಿನ್ನುತ್ತದೆ?’ ಎಂದು ಕೇಳಿದರೆ ಕಥೆ ಹೊರಡುತ್ತದೆ. ಕನಸಿನ ಕಲೆಯೆಂಬ ನೆಪದಿಂದ ಮಗುವಿನ ಕೆಟ್ಟ ಕನಸುಗಳನ್ನು ಕೆದಕಬಾರದು. ಅಂಕವನ್ನಂತೂ ಕೊಡಲೇಬಾರದು.

ಕೊನೆಯಲ್ಲಿ ಇವನ್ನೆಲ್ಲ ಶಾಲೆಯ ಬಾಗಿಲ ಬಳಿ, ಪಾಳಿ ಮುಗಿಸಿ ಬರುವ ಹಿರಿಯರಿಗೆ ಕಾಣುವಂತೆ ಇಡಬೇಕು. ಆ ಪ್ರಾಣಿಯ ಹಲ್ಲಾಗಿರುವ ಚಕ್ರ ಯಾವ ಯಂತ್ರದ್ದು, ಅದನ್ನು ಕಡೆಯುವುದು ಹೇಗೆ ಎಂಬುದನ್ನು ಹೇಳಬಲ್ಲವರು ಅವರೇ. ಮಗು ಅದನ್ನು ಅವರಿಂದ ಕೇಳಿ ತಿಳಿಯುವಂತಾದರೆ ಪಾಠ ಪೂರ್ಣವಾದಂತೆ.